ಸೋಸಿದ ನೀರು, ಸೋಸದ ಬಣ್ಣ

ಜೀವದಯೆಯೇ ಧರ್ಮದ ಮೂಲವೆಂಬುದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜೈನ ಮನೆಗಳಲ್ಲಿ ಮಕ್ಕಳಿಗೆ ಯಾರೂ ಪುಸ್ತಕದಿಂದ ಕಲಿಸಬೇಕಾಗಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸುವ ಅಜ್ಜಿಯನ್ನೂ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಅಜ್ಜನನ್ನೂ ನೋಡಿಯೇ ಮಗು ಅದನ್ನು ಕಲಿಯುತ್ತದೆ. ಕಣ್ಣಿಗೆ ಕಾಣದ ಜೀವಿಗೂ ನೋವಾಗಬಾರದೆಂಬ ಎಚ್ಚರವು ಅಡುಗೆಮನೆಯಲ್ಲಿ ಇನ್ನೂ ಉಳಿದಿದೆ. ಆದರೆ ಆ ಎಚ್ಚರವು ಅಡುಗೆಮನೆಯ ಹೊಸ್ತಿಲು ದಾಟಿ ಕನ್ನಡಿಯ ಮುಂದಿನವರೆಗೆ ಬಂದಿಲ್ಲ. ಅಲ್ಲಿರುವ ಪುಟ್ಟ ಡಬ್ಬಿಗಳಲ್ಲಿ ಏನಿದೆಯೆಂದು ಕೇಳುವವರು ಬಹಳ ವಿರಳ.

ಈ ಮೂರು ಊರುಗಳ ಪೇಟೆಯಲ್ಲಿ ಯಾವ ಫ್ಯಾನ್ಸಿ ಅಂಗಡಿಯ ಮುಂದೆ ನಿಂತರೂ ಒಂದು ದೃಶ್ಯ ಕಾಣಸಿಗುತ್ತದೆ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮುಂಗೈಯ ಒಳಮೈಯಲ್ಲಿ ಮೂರು ನಾಲ್ಕು ಲಿಪ್‌ಸ್ಟಿಕ್‌ಗಳ ಗೆರೆ ಎಳೆದು ಹೋಲಿಸುತ್ತಾಳೆ; ಫೌಂಡೇಶನ್ ತನ್ನ ಮೈಬಣ್ಣಕ್ಕೆ ಹೊಂದುವುದೋ ಎಂದು ದವಡೆಯ ಬಳಿ ಹಚ್ಚಿ ಬಾಗಿಲ ಬೆಳಕಿಗೆ ಬಂದು ನೋಡುತ್ತಾಳೆ; ರೆಪ್ಪೆಯ ಬಣ್ಣ ಬೆವರಿಗೆ ಕರಗದಂತೆ ಅದರ ಕೆಳಗೆ ಹಚ್ಚುವ ಐಶ್ಯಾಡೋ ಬೇಸ್ ಯಾವುದು ಒಳ್ಳೆಯದೆಂದು ಗೆಳತಿಯನ್ನು ಕೇಳುತ್ತಾಳೆ. ಹಿಂದೆ ಮದುವೆಯ ದಿನಕ್ಕೆ ಮೀಸಲಾಗಿದ್ದ ಅಲಂಕಾರ ಇಂದು ದಿನನಿತ್ಯದ್ದಾಗಿದೆ.

ಮನೆಯಲ್ಲಿ ಇದರಿಂದ ಕಲಹ ಹುಟ್ಟುತ್ತದೆ. ಹಿರಿಯರು ಇದನ್ನು ನಾಚಿಕೆಗೇಡು ಎನ್ನುತ್ತಾರೆ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಯನ್ನು ತೋರಿಸಿ, ಎಲ್ಲ ಆಭರಣಗಳನ್ನು ಬಿಸುಟ ಸ್ವಾಮಿಯ ಮುಂದೆ ಬಣ್ಣ ಬಳಿದುಕೊಂಡು ನಿಲ್ಲುವುದೇ ಎಂದು ಕೇಳುತ್ತಾರೆ. ಹುಡುಗಿಯು ಮುಖ ತನ್ನದು, ಇಷ್ಟವೂ ತನ್ನದು ಎನ್ನುತ್ತಾಳೆ. ಇಬ್ಬರೂ ಬಣ್ಣವು ಚೆಂದವೋ ಅಲ್ಲವೋ, ಮರ್ಯಾದೆಯೋ ಅಲ್ಲವೋ ಎಂದು ವಾದಿಸುತ್ತಾರೆಯೇ ಹೊರತು, ಜೈನನಾದವನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳುವುದಿಲ್ಲ. ಆ ಬಣ್ಣ ಎಲ್ಲಿಂದ ಬಂದಿತು? ಯಾರ ಪ್ರಾಣ ತೆಗೆದು ಬಂದಿತು?

ಹಿರಿಯರ ವಾದದಲ್ಲಿ ಒಂದು ದೋಷವಿದೆ. ಅವರು ಮುನಿಧರ್ಮವನ್ನು ಗೃಹಸ್ಥರ ಮಗಳ ಮೇಲೆ ಹೇರುತ್ತಾರೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಭೋಜನ, ವಾಹನ, ಶಯನ, ಸ್ನಾನ, ಪುಷ್ಪ, ತಾಂಬೂಲಗಳ ಸಾಲಿನಲ್ಲಿಯೇ ಅಂಗರಾಗವನ್ನೂ ಸೇರಿಸಿದ್ದಾರೆ. ಅಂಗರಾಗವೆಂದರೆ ಮೈಗೆ ಪೂಸುವ ಲೇಪನ. ಶ್ರಾವಕನು ಅವುಗಳನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಆಚಾರ್ಯರು ಆಜ್ಞಾಪಿಸಲಿಲ್ಲ. ದಿನ, ಪಕ್ಷ, ಮಾಸ, ಋತುಗಳ ಲೆಕ್ಕದಲ್ಲಿ ಮಿತಿ ಹಾಕಿಕೊಳ್ಳಲು ಹೇಳಿದರು. ಪ್ರೋಷಧೋಪವಾಸದ ದಿನ ಮಾತ್ರ ಅಲಂಕಾರ, ಗಂಧ, ಪುಷ್ಪ, ಕಣ್ಣಿನ ಅಂಜನ ಇವೆಲ್ಲವನ್ನೂ ಬಿಡತಕ್ಕದ್ದೆಂದರು. ಆದುದರಿಂದ ತುಟಿಗೆ ಬಣ್ಣ ಹಚ್ಚಿದ ಮಾತ್ರಕ್ಕೆ ಮಗಳು ಧರ್ಮಭ್ರಷ್ಟಳಾಗುವುದಿಲ್ಲ. ಆದರೆ ಅದೇ ಗ್ರಂಥ ಅಹಿಂಸಾಣುವ್ರತವನ್ನು ಹೇಳುವಾಗ, ತ್ರಸಜೀವಿಗಳನ್ನು ಸಂಕಲ್ಪಪೂರ್ವಕವಾಗಿ ಮನೋವಾಕ್ಕಾಯಗಳಿಂದ ತಾನೂ ಕೊಲ್ಲಬಾರದು, ಕೊಲ್ಲಿಸಲೂ ಬಾರದು, ಕೊಂದುದನ್ನು ಅನುಮೋದಿಸಲೂ ಬಾರದೆಂದು ಸ್ಪಷ್ಟಪಡಿಸುತ್ತದೆ. ವಿಚಾರಣೆ ನಡೆಯಬೇಕಾದುದು ಇಲ್ಲಿ.

ಕಾರ್ಮೈನ್ ಎಂಬ ಕೆಂಪು ಬಣ್ಣವನ್ನೇ ತೆಗೆದುಕೊಳ್ಳೋಣ. ಪಾಪಾಸುಕಳ್ಳಿಯ ಮೇಲೆ ಜೀವಿಸುವ ಕೊಚಿನೀಲ್ ಎಂಬ ಕೀಟವೇ ಅದರ ಮೂಲ. ಇದನ್ನು ಅತಿ ಹೆಚ್ಚು ಉತ್ಪಾದಿಸುವ ದೇಶ ಪೆರು. ಹೆಣ್ಣು ಕೀಟಗಳನ್ನು ಕಳ್ಳಿಯಿಂದ ಕೆರೆದು ತೆಗೆದು, ಬಿಸಿನೀರಿನಲ್ಲಿಯೋ ಬಿಸಿಲಿನಲ್ಲಿಯೋ ಒಲೆಯ ಶಾಖದಲ್ಲಿಯೋ ಕೊಂದು, ಒಣಗಿಸಿ, ಅರೆದು ಬಣ್ಣ ತೆಗೆಯುತ್ತಾರೆ. ಒಂದು ಕಿಲೋ ಒಣ ಕೀಟಕ್ಕೆ ಸುಮಾರು 1,50,000 ಜೀವಗಳು ಬೇಕು. ಎಂದರೆ ಒಂದು ಗ್ರಾಮಿಗೆ 150. ಆ ತೂಕದಲ್ಲಿ ಬಣ್ಣ ಕೊಡುವ ಆಮ್ಲ ಐದನೆಯ ಒಂದು ಭಾಗದಷ್ಟು ಮಾತ್ರ. ಲೆಕ್ಕ ಬಲ್ಲ ವರ್ತಕನಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗದು. ಎಲ್ಲ ಲಿಪ್‌ಸ್ಟಿಕ್‌ಗಳಲ್ಲಿಯೂ ಈ ಬಣ್ಣವಿಲ್ಲವೆಂಬುದೂ ಸತ್ಯ. ಕಬ್ಬಿಣದ ಆಕ್ಸೈಡಿನಿಂದಲೂ ಕೃತಕ ವರ್ಣಗಳಿಂದಲೂ ಕೆಂಪು ದೊರೆಯುತ್ತದೆ. ಬೆಲೆ ಹೆಚ್ಚಾದ ಮಾತ್ರಕ್ಕೆ ವಸ್ತು ನಿರ್ದೋಷವಾಗುವುದಿಲ್ಲ, ಕಡಿಮೆಯಾದ ಮಾತ್ರಕ್ಕೆ ಸದೋಷವೂ ಆಗುವುದಿಲ್ಲ.

ಲಿಪ್‌ಸ್ಟಿಕ್ಕಿಗೂ ಐಶ್ಯಾಡೋ ಬೇಸಿಗೂ ಗಟ್ಟಿತನ ಕೊಡಲು ಜೇನುಮೇಣ ಬಳಸುವುದುಂಟು. ಮದ್ಯ, ಮಾಂಸಗಳೊಂದಿಗೆ ಮಧುವನ್ನೂ ತ್ಯಜಿಸುವುದು ಶ್ರಾವಕನ ಮೂಲಗುಣಗಳಲ್ಲಿ ಸೇರಿದೆ. ಜೇನುತುಪ್ಪವನ್ನು ನಾಲಿಗೆಗೆ ಮುಟ್ಟಿಸದ ಮನೆಯಲ್ಲಿ ಅದೇ ಗೂಡಿನ ಮೇಣವನ್ನು ತುಟಿಗೆ ಸವರುವುದು ಯಾವ ನ್ಯಾಯ? ತುಟಿಗೂ ನಾಲಿಗೆಗೂ ಎಷ್ಟು ದೂರ? ರೆಪ್ಪೆಯ ಮೇಲೆ ಮುತ್ತಿನಂತೆ ಮಿನುಗುವ ಪುಡಿಯ ಹೊಳಪು ಸಾಮಾನ್ಯವಾಗಿ ಅಭ್ರಕದ್ದು. ಕೆಲವೊಮ್ಮೆ ಮೀನಿನ ಹುರುಪೆಯಿಂದ ತೆಗೆದ ಗ್ವಾನಿನ್. ಫೌಂಡೇಶನಿನ ಬಣ್ಣವು ಟೈಟಾನಿಯಂ, ಸತು, ಕಬ್ಬಿಣಗಳ ಆಕ್ಸೈಡುಗಳಿಂದ ಆದುದಾದ್ದರಿಂದ ಅದರಲ್ಲಿ ದೋಷವಿಲ್ಲ. ಆದರೆ ಅದನ್ನು ಹಿಡಿದಿಡುವ ಸ್ಟಿಯರಿಕ್ ಆಮ್ಲ, ಗ್ಲಿಸರಿನ್‌ಗಳು ತಾಳೆಯೆಣ್ಣೆಯಿಂದಲೂ ಬರಬಹುದು, ಕಸಾಯಿಖಾನೆಯ ಕೊಬ್ಬಿನಿಂದಲೂ ಬರಬಹುದು. ಪೊಟ್ಟಣದ ಮೇಲಿನ ಹೆಸರು ಎರಡಕ್ಕೂ ಒಂದೇ. ಬಣ್ಣ ಹಚ್ಚುವ ಕುಂಚದ ಕೂದಲು ಅಳಿಲು, ಆಡುಗಳದ್ದಿರಲೂಬಹುದು.

ಇದನ್ನು ಕೇಳಿದೊಡನೆ ಕೆಲವು ಸಮಾಧಾನಗಳು ಹೊರಡುತ್ತವೆ. ಅಷ್ಟು ಅಲ್ಪ ಪ್ರಮಾಣದಿಂದ ಏನಾದೀತು ಎನ್ನುವುದು ಮೊದಲನೆಯದು. ಕಂದಮೂಲವನ್ನು ತೂಕ ನೋಡಿ ಬಿಟ್ಟವರಿಲ್ಲ. ಅಲ್ಪವೆಂಬ ಮಾತು ಅಲ್ಲಿ ಸಲ್ಲದಿದ್ದರೆ ಇಲ್ಲಿಯೂ ಸಲ್ಲದು. ಕೊಂದವರು ಬೇರೆ, ಕೊಂಡವರು ಬೇರೆ ಎನ್ನುವುದು ಎರಡನೆಯದು. ಕಾರಿತ, ಅನುಮೋದಿತಗಳನ್ನು ಆಚಾರ್ಯರು ಹೇಳಿದ್ದೇ ಈ ನೆಪವನ್ನು ಮುಚ್ಚಲು. ಕೊಳ್ಳುವವನಿಲ್ಲದೆ ಯಾವ ಕಾರ್ಖಾನೆಯೂ ಕೀಟವನ್ನು ಅರೆಯದು. ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯವಲ್ಲವೇ ಎನ್ನುವುದು ಮೂರನೆಯದು. ಒಲೆ ಉರಿಸುವಾಗ, ಮನೆ ಗುಡಿಸುವಾಗ ತಪ್ಪಿಸಲಾಗದೆ ಆಗುವುದು ಆರಂಭೀ ಹಿಂಸೆ. ತುಟಿಯ ಕೆಂಪಿಗಾಗಿ ಬೆಳೆಸಿ, ಎಣಿಸಿ, ಕೊಲ್ಲುವುದು ಯಾವ ಅರ್ಥದಲ್ಲಿ ಅನಿವಾರ್ಯ? ಪ್ರಯೋಜನವಿಲ್ಲದ ಇಂತಹ ಪಾಪಕ್ಕೆ ಅನರ್ಥದಂಡವೆಂಬ ಹೆಸರು ಶಾಸ್ತ್ರದಲ್ಲಿಯೇ ಇದೆ.

ಸರಕಾರವೇ ನಿಷೇಧಿಸಿದೆಯಲ್ಲ ಎನ್ನುವುದು ನಾಲ್ಕನೆಯದು. ಇದು ಅರ್ಧಸತ್ಯ. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತವು 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದವುಗಳ ಆಮದನ್ನು ಅದೇ ವರ್ಷದ ನವೆಂಬರಿನಲ್ಲಿ ತಡೆಯಿತು. ಮೊಲಗಳ ಕಣ್ಣಿಗೆ ರಾಸಾಯನಿಕ ಹನಿಸುವ ಕ್ರೌರ್ಯವು ಈ ದೇಶದಲ್ಲಿ ನಿಂತದ್ದು ಸಂತೋಷದ ಸಂಗತಿ. ಆದರೆ ಮೊಲದ ಚಿತ್ರವಿರುವ ಮುದ್ರೆಯು ಪರೀಕ್ಷೆಯನ್ನು ಕುರಿತು ಹೇಳುತ್ತದೆ, ಒಳಗಿರುವ ವಸ್ತುವನ್ನು ಕುರಿತಲ್ಲ. ಯಾವ ಪ್ರಾಣಿಯ ಮೇಲೂ ಪರೀಕ್ಷಿಸದ ಲಿಪ್‌ಸ್ಟಿಕ್ಕಿನಲ್ಲಿ ಅರೆದ ಕೀಟ ಇರಲು ಯಾವ ಅಡ್ಡಿಯೂ ಇಲ್ಲ. ಸಸ್ಯಮೂಲವೋ ಪ್ರಾಣಿಮೂಲವೋ ಎಂದು ಪ್ರಸಾಧನಗಳ ಮೇಲೆ ಗುರುತು ಹಾಕಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2002ರಲ್ಲಿ ನೀಡಿದ ನಿರ್ದೇಶನವನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ತೆಗೆದುಹಾಕಿತು. ಮರುವರ್ಷ ಕೇಂದ್ರ ಸರಕಾರವು ಪೊಟ್ಟಣಗಳ ನಿಯಮವನ್ನು ತಿದ್ದಿ ಹಸಿರು ಬಿಂದು, ಕೆಂಪು ಅಥವಾ ಕಂದು ಬಿಂದುಗಳನ್ನು ವಿಧಿಸಿತು. ಬಿಂದು ಕಂಡರೆ ಒಳ್ಳೆಯದು. ಕಾಣದಿದ್ದರೆ ಅಕ್ಷರ ಓದುವ ಹೊಣೆ ಕೊಳ್ಳುವವರದೇ.

ಇಷ್ಟು ಹೇಳಿ ಹುಡುಗಿಯ ಕಡೆಗೆ ಬೆರಳು ತೋರಿಸಿ ಮುಗಿಸಿದರೆ ಅದು ಅನ್ಯಾಯವಾದೀತು. ಅವಳನ್ನು ಗದರಿಸುವ ತಾಯಿ ಮದುವೆಗೆ ಉಡುವುದು ರೇಷ್ಮೆ. ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದೇ ಆ ನೂಲನ್ನು ತೆಗೆಯುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ತಂದೆಯ ಪೂಜೆಯ ಮಡಿಯೂ ಪಟ್ಟೆಯೇ. ಬಸದಿಯಲ್ಲಿ ಜಿನಬಿಂಬವನ್ನು ಮುಟ್ಟುವ ಇಂದ್ರರಿಗೆ ಮೊಕ್ತೇಸರರು ಗೌರವದಿಂದ ಹೊದಿಸುವುದೂ ಪಟ್ಟೆಯೇ. ಅಹಿಂಸೆಯನ್ನು ಬೋಧಿಸಿದ ತೀರ್ಥಂಕರನ ಎದುರಿನಲ್ಲಿ ಸಾವಿರಾರು ಹುಳುಗಳ ಶವವಸ್ತ್ರ ಶುದ್ಧವೆನಿಸಿಕೊಂಡು, ಮಗಳ ತುಟಿಯ ಬಣ್ಣ ಮಾತ್ರ ಅಶುದ್ಧವೆನಿಸಿಕೊಳ್ಳುವುದಾದರೆ, ಆ ಮಾತನ್ನು ಮಗಳು ಕೇಳದಿರುವುದು ಆಶ್ಚರ್ಯವಲ್ಲ. ಶ್ರಾವಕರಿಗೆ ನಿಷಿದ್ಧವಾದ ಹದಿನೈದು ವ್ಯಾಪಾರಗಳಲ್ಲಿ ಅರಗಿನ ವ್ಯಾಪಾರವೂ ಒಂದು. ಅರಗು ಕೂಡ ಕೀಟಜನ್ಯವೇ. ಅದನ್ನು ಮರೆತು ಪ್ರಸಾಧನಗಳನ್ನು ಮಾರುವ ಜೈನ ಅಂಗಡಿಗಾರನು ತನ್ನ ಕಪಾಟಿನಲ್ಲಿ ಏನಿದೆಯೆಂದು ಒಮ್ಮೆಯಾದರೂ ಓದಿದ್ದಾನೆಯೇ?

ಹಿಂದಿನ ಕಾಲವೆಲ್ಲ ನಿರ್ದೋಷವಾಗಿತ್ತೆಂಬ ಭ್ರಮೆಯೂ ಬೇಡ. ಹಿಂದಿನವರು ಪಾದಕ್ಕೆ ಹಚ್ಚುತ್ತಿದ್ದ ಲಾಕ್ಷಾರಸ ಅದೇ ಅರಗಿನದು. ಕಸ್ತೂರಿ ಮೃಗದ ದೇಹದ್ದು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ಮುಖಕ್ಕೆ ತೆಂಗಿನೆಣ್ಣೆ ಸವರಿ, ಆ ತಳದ ಮೇಲೆ ಹಚ್ಚುತ್ತಿದ್ದ ಅರದಾಳ, ಇಂಗಳೀಕ, ಸಫೇತುಗಳು ಖನಿಜಗಳು, ಅವುಗಳಲ್ಲಿ ಜೀವಹಿಂಸೆಯಿರಲಿಲ್ಲ. ಆದರೆ ಅರದಾಳದಲ್ಲಿ ಪಾಷಾಣವಿದೆ, ಇಂಗಳೀಕದಲ್ಲಿ ಪಾದರಸವಿದೆ. ಹಚ್ಚಿಕೊಂಡವನ ದೇಹವೂ ಒಂದು ಜೀವದ ದೇಹವೇ. ಹಾಗೆಯೇ ಇಂದಿನ ಹೊಳಪಿನ ಅಭ್ರಕವು ಸಸ್ಯಾಹಾರಿಯ ಪರೀಕ್ಷೆಯಲ್ಲಿ ಉತ್ತೀರ್ಣವಾದರೂ, ಜಾರ್ಖಂಡ್, ಬಿಹಾರಗಳ ಗಣಿಗಳಲ್ಲಿ ಅದನ್ನು ಆಯುವವರಲ್ಲಿ ಮಕ್ಕಳೂ ಇದ್ದಾರೆಂಬುದು ಜಗತ್ತಿಗೆ ತಿಳಿದ ವಿಷಯ. ಕೀಟದ ಮೇಲಿನ ದಯೆ ಪಂಚೇಂದ್ರಿಯವುಳ್ಳ ಮಗುವಿನ ಮೇಲೆ ಇಲ್ಲವಾದರೆ ಅದು ದಯೆಯಲ್ಲ, ಕೇವಲ ರೂಢಿ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದು ಓದುವುದು. ಧವಲಾದಿ ಸಿದ್ಧಾಂತ ಗ್ರಂಥಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಮೂಡುಬಿದಿರೆಯ ಸಮಾಜಕ್ಕೆ ಪೊಟ್ಟಣದ ಸಣ್ಣ ಅಕ್ಷರಗಳು ಭಾರವಾಗಬಾರದು. ಕಾರ್ಮೈನ್, ಕೊಚಿನೀಲ್, ಸಿ.ಐ. 75470 ಎಂಬುವೆಲ್ಲ ಆ ಕೀಟದ ಹೆಸರುಗಳೇ. ಸೆರಾ ಆಲ್ಬಾ ಎಂದರೆ ಜೇನುಮೇಣ. ಶೆಲ್ಯಾಕ್ ಎಂದರೆ ಅರಗು. ಲ್ಯಾನೊಲಿನ್ ಎಂದರೆ ಕುರಿಯ ಉಣ್ಣೆಯ ಜಿಡ್ಡು. ಗ್ವಾನಿನ್ ಅಥವಾ ಸಿ.ಐ. 75170 ಎಂದರೆ ಮೀನಿನ ಹುರುಪೆ. ಈ ಐದನ್ನು ನೆನಪಿಟ್ಟರೆ ಅರ್ಧ ಕೆಲಸವಾದಂತೆ. ಕಾರ್ನೌಬಾ, ಕ್ಯಾಂಡೆಲಿಲ್ಲಾ ಎಂಬ ಸಸ್ಯಮೇಣಗಳಿಂದ ಮಾಡಿದ ಲಿಪ್‌ಸ್ಟಿಕ್‌ಗಳಿವೆ, ಕೃತಕ ಎಳೆಯ ಕುಂಚಗಳೂ ಇವೆ. 1974ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಸಂಸ್ಥೆಯು ಇಂತಹ ಮಾಹಿತಿಯನ್ನು ಬಹುಕಾಲದಿಂದ ನೀಡುತ್ತ ಬಂದಿದೆ. ತುಟಿ ಒಡೆದರೆ ಹಚ್ಚಲು ಪುನರ್ಪುಳಿಯ ಬೀಜದ ತುಪ್ಪ ತುಳುನಾಡಿನಲ್ಲಿಯೇ ಇದೆ.

ಎರಡನೆಯದು ಮಿತಿ. ಹುಡುಗಿ ತಾನೇ ತನ್ನ ಇಷ್ಟದಿಂದ ವಾರಕ್ಕೆ ಇಷ್ಟು ದಿನ, ಇಷ್ಟು ವಸ್ತು ಎಂದು ಗೊತ್ತುಪಡಿಸಿಕೊಂಡು, ದಶಲಕ್ಷಣ ಪರ್ವದ ಹತ್ತು ದಿನ ಎಲ್ಲವನ್ನೂ ಬಿಟ್ಟರೆ, ಸಮಂತಭದ್ರರು ಹೇಳಿದ ನಿಯಮ ಅವಳಲ್ಲಿ ಜೀವಂತವಾದಂತೆ. ಹಿರಿಯರ ಗದರಿಕೆಯಿಂದ ಬಿಟ್ಟರೆ ಅದು ವ್ರತವಾಗದು.

ಮೂರನೆಯದು ಸಂಸ್ಥೆಗಳ ಹೊಣೆ. ಬಸದಿಗಳ ಆಡಳಿತ ಮಂಡಳಿಗಳು ಪೂಜೆಯ ವಸ್ತ್ರವಾಗಿ ಹತ್ತಿಯನ್ನು ಗೊತ್ತುಪಡಿಸಲಿ. ತಮ್ಮ ಸಭಾಭವನಗಳಲ್ಲಿ ನಡೆಯುವ ಮದುವೆಗಳಲ್ಲಿ ವಧುವನ್ನು ಸಿಂಗರಿಸಲು ಬರುವವರಿಗೆ ಮೇಲಿನ ಐದು ಹೆಸರುಗಳ ಪಟ್ಟಿಯನ್ನು ಕೊಡಲಿ. ಜೈನ ವರ್ತಕರು ನಿರ್ದೋಷ ವಸ್ತುಗಳಿಗೆ ತಮ್ಮ ಅಂಗಡಿಯಲ್ಲಿ ಒಂದು ಕಪಾಟು ಬೇರೆ ಮಾಡಲಿ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ನಿಧಿ ಬೇಕಾಗಿಲ್ಲ.

ಮೊದಲು ಪಟ್ಟೆಯನ್ನು ಬಿಡುವವರು ಹಿರಿಯರಾಗಲಿ. ಆಗ ತಾಯಿಯು ಮಗಳ ಬಳಿ ಕುಳಿತು, ಆ ಡಬ್ಬಿಯನ್ನು ಇಲ್ಲಿ ಕೊಡು, ಏನು ಬರೆದಿದೆ ನೋಡೋಣ ಎಂದು ಕೇಳಬಹುದು. ಮಗಳೂ ಕೊಡದಿರಲಾರಳು. ಅಜ್ಜಿ ನೀರು ಸೋಸುತ್ತಿದ್ದ ಬಟ್ಟೆಯ ಕೆಲಸವನ್ನು ಈಗ ಕಣ್ಣು ಮಾಡಬೇಕಾಗಿದೆ.