ಕಂಪ್ಯೂಟರ್ ಕಿವಿಮಾತು: ಮೆಮೊರಿ ಹೆಚ್ಚಾದರೂ ಕಷ್ಟ!

ಹಳೆಯ ತಂತ್ರಾಂಶದಲ್ಲಿ ಉಳಿದ ಮನೆಯ ಲೆಕ್ಕ, ಪತ್ರಗಳನ್ನು ತೆರೆಯಲು ವಿಂಡೋಸ್ 98 ಹಾಕುತ್ತಿದ್ದೀರಾ? ನಡುವೆ ‘ಮೆಮೊರಿ ಸಾಲದು’ ಎಂಬ ಸಂದೇಶ ಬಂದರೆ ಹೊಸ ರ‍್ಯಾಮ್ ಕೊಳ್ಳಲು ಓಡಬೇಡಿ. ತೊಂದರೆ ತದ್ವಿರುದ್ಧವಾಗಿರಬಹುದು. ರ‍್ಯಾಮ್ 512 ಎಂಬಿ ಮೀರಿದರೆ, ಕಡತಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ವಿಕ್ಯಾಶ್ ತನಗೇ ವಿಪರೀತ ಜಾಗ ಕಾದಿರಿಸಿಕೊಳ್ಳುತ್ತದೆ. ಉಳಿದ ಕೆಲಸಗಳಿಗೆ ಸಾಲುವುದಿಲ್ಲ.

ಮೊದಲು ಡಿಸ್ಕಿನಲ್ಲಿರುವುದನ್ನೆಲ್ಲ ಬೇರೆಡೆ ನಕಲು ಮಾಡಿಡಿ. ಪ್ಲಗ್ ಕಿತ್ತು, 256 ಎಂಬಿಯ ಒಂದೇ ರ‍್ಯಾಮ್ ಉಳಿಸಿ ಇನ್‌ಸ್ಟಾಲ್ ಮಾಡಿ. ಬಳಿಕ ಸಿಸ್ಟಮ್ ಡಾಟ್ ಐಎನ್‌ಐ ಕಡತದ ವಿಕ್ಯಾಶ್ ವಿಭಾಗದಲ್ಲಿ ‘ಮ್ಯಾಕ್ಸ್‌ಫೈಲ್‌ಕ್ಯಾಶ್=262144’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ, ಸೇವ್ ಮಾಡಿ. ಆಮೇಲೆ ತೆಗೆದಿಟ್ಟ ರ‍್ಯಾಮ್ ಹಾಕಿ. ಒಟ್ಟು 1 ಜಿಬಿಗಿಂತ ಕಡಿಮೆಯಿರಲಿ.

ಮೈಕ್ರೋಸಾಫ್ಟ್ 2006ರ ಜುಲೈ 11ಕ್ಕೆ ಇದರ ಬೆಂಬಲ ನಿಲ್ಲಿಸಿದೆ. ಇಂಟರ್‌ನೆಟ್‌ಗೆ ಮಾತ್ರ ಜೋಡಿಸಬೇಡಿ.