ಸಿಡಿಯದ ಸ್ಟವ್

ನಮ್ಮ ಚಿಕ್ಕಪ್ಪನ ಮೊದಲ ಹೆಂಡತಿ 1988ರಲ್ಲಿ ಸುಟ್ಟ ಗಾಯಗಳಿಂದ ಸತ್ತಳು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಅವಳಿಗಾಗ ಇಪ್ಪತ್ತು, ಇಂದು ನನ್ನ ಮಗಳಿಗಿರುವ ವಯಸ್ಸು. 'ಸ್ಟವ್ ಸಿಡಿಯಿತು' ಎಂದರು ಹಿರಿಯರು. ಒಂಬತ್ತು ವರ್ಷದವಳಾಗಿದ್ದ ನಾನು ನಂಬಿದೆ. ಆದರೆ ಅಕ್ಕಂದಿರೇ, ಸಿಡಿಯಿತೆಂದ ಅದೇ ಹಿತ್ತಾಳೆ ಪಂಪ್ ಸ್ಟವ್‌ನಲ್ಲಿ ಆಮೇಲೂ ಆರು ವರ್ಷ ನಮಗೆಲ್ಲ ಕಾಫಿ ಕಾಸಿದರು.

ಮದುವೆಯಲ್ಲಿ ಒಪ್ಪಿಕೊಂಡಿದ್ದ ಸ್ಕೂಟರ್ ಬಂದಿರಲಿಲ್ಲ. ಅದಕ್ಕಾಗಿ ಅವಳನ್ನು ಎರಡು ಸಲ ತವರಿಗೆ ಅಟ್ಟಿದ್ದರು. ಎರಡು ಸಲವೂ ಅವಳಪ್ಪ 'ಹೊಂದಿಕೊಂಡು ಹೋಗಮ್ಮ' ಎಂದು ಬಸ್ಸು ಹತ್ತಿಸಿದ್ದ. ಇದನ್ನು ನಮ್ಮಮ್ಮ ಹೇಳಿದ್ದು ಈಗ, ಅಜ್ಜಿ ತೀರಿಕೊಂಡ ಮೇಲೆ. ಅಂದು ಸೀಮೆಎಣ್ಣೆ ವಾಸನೆ ಅಡಿಗೆಮನೆಯಲ್ಲಿರಲಿಲ್ಲವಂತೆ, ಮಲಗುವ ಕೋಣೆಯಲ್ಲಿತ್ತಂತೆ. ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಅಜ್ಜಿ ಮಂಚದ ಪಕ್ಕದಲ್ಲೇ ನಿಂತಿದ್ದರಂತೆ. ಹುಡುಗಿ ಸ್ಟವ್ ಎಂದಳು. ಕಡತ ಮುಚ್ಚಿತು. ಎಣ್ಣೆ ಸುರಿದವರು ಯಾರೆಂದು ಅಮ್ಮ ಇಂದಿಗೂ ಬಾಯಿ ಬಿಡಲೊಲ್ಲಳು.

ಕಾನೂನು ಆಗಲೇ ಇತ್ತು. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ, 1983ರಲ್ಲಿ 498ಎ, 1986ರಲ್ಲಿ 304ಬಿ. ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟೋ ಅಸಹಜವಾಗಿಯೋ ಸತ್ತು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದದ್ದು ಕಂಡುಬಂದರೆ ಕನಿಷ್ಠ ಏಳು ವರ್ಷ ಸಜೆ. 2024ರ ಜುಲೈಯಿಂದ ಇದೇ ಮಾತು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂನಲ್ಲಿದೆ. ಆದರೆ ಹಿಂಸೆ ಕಂಡವರು ಹೇಳಬೇಕಲ್ಲ! ಕಂಡಿದ್ದವರು ನಮ್ಮಮ್ಮ, ನಮ್ಮ ಸೋದರತ್ತೆ, ಪಕ್ಕದ ಮನೆಯಾಕೆ. ಮನೆಯ ಮರ್ಯಾದೆ ಎಂದು ನುಂಗಿಕೊಂಡರು.

ಅಮ್ಮನನ್ನು ಬೈಯಲು ನನಗೆ ಮನಸ್ಸಿಲ್ಲ. ಕೈಯಲ್ಲಿ ಕಾಸಿಲ್ಲದೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಅವಳು ಎಲ್ಲಿಗೆ ಹೋಗಬೇಕಿತ್ತು? ಹಾಗೆಂದು ಬಿಟ್ಟುಬಿಡಲೂ ಆರೆ. ಅವರೆಲ್ಲ ಸುಮ್ಮನಿದ್ದುದರಿಂದಲೇ ಒಂದೇ ವರ್ಷದಲ್ಲಿ ಚಿಕ್ಕಪ್ಪನಿಗೆ ಇನ್ನೊಂದು ಮದುವೆಯಾಯಿತು, ಈ ಸಲ ಸ್ಕೂಟರ್ ಸಮೇತ. ಮೊದಲನೆಯವಳು ಹೇಗೆ ಸತ್ತಳೆಂದು ಹುಡುಗಿ ಕಡೆಯವರು ಒಬ್ಬರೂ ಕೇಳಲಿಲ್ಲ. ಸಂಘದಲ್ಲಿ ಎರಡು ಸಾವಿರ ಸಾಲಕ್ಕೆ ಬಂದವಳನ್ನು ನಾವು ಎಷ್ಟೊಂದು ಪ್ರಶ್ನೆ ಕೇಳುತ್ತೇವೆ! ಮಗಳನ್ನು ಕೊಡುವಾಗ ಈ ಒಂದು ಮಾತು ಕೇಳಲು ನಾಚಿಕೆಯೇಕೆ? ಆ ಊರಿನ ಸಂಘದ ಹೆಂಗಸರನ್ನೇ ಕೇಳಿದರೂ ಆದೀತು.

ಹೋದ ತಿಂಗಳು ಎರಡನೆಯ ಚಿಕ್ಕಮ್ಮನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಆ ಸ್ಟವ್ ನಾನೇ ದಿನಾ ಹಚ್ತಿದ್ದೆನಲ್ಲೇ" ಎಂದರು. ಆಮೇಲೆ ಅವಳ ಹೆಸರೇನೆಂದು ಕೇಳಿದರು. ಮೂವತ್ತೈದು ವರ್ಷ ಆ ಮನೆಯಲ್ಲಿ ಬಾಳಿದವರಿಗೆ ಅದನ್ನು ಯಾರೂ ಹೇಳಿರಲಿಲ್ಲ.