ಹೆದರಿದ ಮನಸ್ಸಿಗೆ ಹೊಸದು ಹೊಳೆಯುವುದೇ?

ಸೋಲಾಪುರದ ಹಿರಿಯರಿಗೆ ಗಿರಣಿಯ ಭೋಂಗಾ ನಿಂತುಹೋದ ದಿನಗಳ ನೆನಪು ಇನ್ನೂ ಮಾಸಿಲ್ಲ. ಇಂದು ಅವರ ಮೊಮ್ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುತ್ತಿದ್ದಾರೆ. ಅವರ ಪಾಲಿಗೆ ಸುದ್ದಿ ಸದ್ದಿಲ್ಲದೆ ಬರುತ್ತದೆ. 2023ರ ಜನವರಿಯಲ್ಲಿ ಗೂಗಲ್‌ನ ಮಾತೃಸಂಸ್ಥೆಯು 12,000 ಹುದ್ದೆಗಳನ್ನು ತೆಗೆಯುವುದಾಗಿ ಸಾರಿದಾಗ ಎಷ್ಟೋ ಮಂದಿಗೆ ನೌಕರಿ ಹೋದದ್ದು ತಿಳಿದುದು ಒಂದು ಇ-ಮೇಲ್‌ನಿಂದ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರಾದ ನಾವು ಆಡುವ ಮಾತು ಸಾಮಾನ್ಯವಾಗಿ ಒಂದೇ: "ಏನಾದರೂ ಹೊಸದನ್ನು ಮಾಡಿ ತೋರಿಸಪ್ಪ, ಆಗ ನಿನ್ನನ್ನು ಯಾರು ತೆಗೆದಾರು?" ಮಾತೇನೋ ಪ್ರೀತಿಯದು. ಆದರೆ ಹೊಸದು ಹೊಳೆಯುವುದು ಯಾವಾಗ ಎಂಬುದನ್ನು ನಾವು ವಿಚಾರಿಸುವುದಿಲ್ಲ. ಹಾರ್ವರ್ಡ್‌ನ ತೆರೇಸಾ ಅಮಾಬಿಲೆ ಮತ್ತು ರೆಜಿನಾ ಕಾಂಟಿ ಎಂಬ ವಿದುಷಿಯರು ಅಮೆರಿಕದ ಒಂದು ದೊಡ್ಡ ಕಂಪನಿಯನ್ನು ನೌಕರರ ಕಡಿತಕ್ಕೆ ಮೊದಲು, ಕಡಿತ ನಡೆದಿರುವಾಗ ಮತ್ತು ಅದು ಮುಗಿದ ಮೇಲೆ ಪರೀಕ್ಷಿಸಿ 1999ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕಡಿತದ ಕಾಲದಲ್ಲಿ ಸೃಜನಶೀಲತೆ ಕುಗ್ಗಿತ್ತು. ಆಮೇಲೆ ಚೇತರಿಸಿಕೊಂಡದ್ದು ಅಲ್ಪವೇ. ಇನ್ನೂ ಕಡಿತವಾದೀತೆಂಬ ನಿರೀಕ್ಷೆಯೂ ಒಡೆದುಹೋದ ಕೆಲಸದ ಗುಂಪುಗಳೂ ಆ ವಾತಾವರಣವನ್ನು ಕೆಡಿಸಿದ್ದವು. ಉಳಿದುಕೊಂಡವನೂ ಅರ್ಧ ಹೋದವನೇ ಆಗಿರುತ್ತಾನೆ ಎನ್ನಬಹುದು.

ಇದಕ್ಕೂ ಕಠಿಣವಾದ ತೊಡಕೊಂದಿದೆ. ಹತ್ತು ಜನರ ಕೆಲಸವನ್ನು ಎಂಟು ಜನರಿಂದ ಮಾಡಿಸುವ ಉಪಾಯ ಒಬ್ಬ ಕೆಲಸಗಾರನಿಗೆ ಹೊಳೆಯಿತೆನ್ನೋಣ. ಅದನ್ನು ಅವನು ಹೇಳಿದರೆ ಉಳಿದ ಇಬ್ಬರ ಗತಿಯೇನು? ಆ ಇಬ್ಬರಲ್ಲಿ ತಾನೂ ಒಬ್ಬನಾದರೆ? ಜಾಣನಾದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಅವನನ್ನು ಮೈಗಳ್ಳನೆಂದು ಜರೆಯುವುದು ನಮಗಂತೂ ಸರಿತೋರುವುದಿಲ್ಲ.

ಜಪಾನಿನ ಟೊಯೋಟಾ ಕಂಪನಿಯ ಕಥೆ ಇಲ್ಲಿ ನೆನೆಯತಕ್ಕದ್ದು. 1949ರಲ್ಲಿ ಅದು ದಿವಾಳಿಯ ಅಂಚಿಗೆ ಬಂದಿತ್ತು. ಪಗಾರದಲ್ಲಿ ನೂರಕ್ಕೆ ಹತ್ತರಷ್ಟು ಕಡಿತವನ್ನು ಕಾರ್ಮಿಕರು ಒಪ್ಪಿದರು. ಯಾರನ್ನೂ ತೆಗೆಯುವುದಿಲ್ಲವೆಂದು ಮಾಲೀಕರು ಮಾತು ಕೊಟ್ಟರು. ಮಾತು ನಿಲ್ಲಲಿಲ್ಲ. 1950ರಲ್ಲಿ ಮುಷ್ಕರವಾಯಿತು, ಎರಡು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟರು. ಸ್ಥಾಪಕ ಕೀಚಿರೋ ಟೊಯೋಡಾ ಹೊಣೆ ಹೊತ್ತು ಜೂನ್ ತಿಂಗಳಲ್ಲಿ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. ಅದೇ ತಿಂಗಳು ಕೊರಿಯಾ ಯುದ್ಧ ಆರಂಭವಾಗಿ ಟ್ರಕ್ಕುಗಳಿಗೆ ಬೇಡಿಕೆ ಹರಿದುಬಂದದ್ದು ವಿಧಿಯ ಕುಚೋದ್ಯವೇ ಸರಿ! 1951ರಲ್ಲಿ ಆ ಕಂಪನಿಯು ಅಮೆರಿಕದ ಫೋರ್ಡ್ ಕಾರಖಾನೆಯಲ್ಲಿ ಕಂಡ ಮಾದರಿಯನ್ನು ಅನುಸರಿಸಿ, ಕೆಲಸಗಾರರು ತಮಗೆ ತೋಚಿದ ಸುಧಾರಣೆಯನ್ನು ಬರೆದುಕೊಡುವ ಪದ್ಧತಿಯನ್ನು ತಂದಿತು. 1962ರಲ್ಲಿ ಸಂಘವೂ ಆಡಳಿತವೂ ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಸಹಿ ಹಾಕಿದವು. 1980ರ ದಶಕದಲ್ಲಿ ಅಂಥ ಸಲಹೆಗಳು ವರ್ಷಕ್ಕೆ ಹತ್ತು ಲಕ್ಷವನ್ನು ಮೀರಿದವು. ನೌಕರಿ ಉಳಿಯುವುದೆಂಬ ನಂಬಿಕೆ ಬೇರೂರಿದ ಮೇಲೆ ಬಾಯಿಗಳು ತೆರೆದವೆಂದು ನಾವು ಎಣಿಸುತ್ತೇವೆ.

ಆದರೂ ಹೊಗಳಿಕೆಗೆ ಒಂದು ಮಿತಿ ಇರಲಿ. 2008ರ ಆರ್ಥಿಕ ಕುಸಿತದಲ್ಲಿ ಅದೇ ಕಂಪನಿ ಜಪಾನಿನಲ್ಲಿ ಅವಧಿ ಕರಾರಿನ ಕೆಲಸಗಾರರನ್ನು ಸಾವಿರಗಟ್ಟಲೆ ಕಡಿಮೆ ಮಾಡಿತು. ಆಶ್ವಾಸನೆಯ ನೆರಳು ಕಾಯಂ ಆದವರ ಮೇಲಷ್ಟೇ ಬಿದ್ದಿತ್ತು.

ಆದ್ದರಿಂದ ಮಗನನ್ನಾಗಲಿ ಮಗಳನ್ನಾಗಲಿ "ಹೊಸದೇನು ಮಾಡಿದೆ?" ಎಂದು ಕೇಳುವ ಮೊದಲು ನೇಮಕಪತ್ರದಲ್ಲಿ ಏನಿದೆ ಎಂದು ಕೇಳುವುದು ಲೇಸು. ನಮ್ಮ ದೇಶದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ, ಕೊನೆಗೆ ಬಂದವನು ಮೊದಲು ಹೋಗಬೇಕು ಎಂಬ ನಿಯಮವಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಈ ಕ್ರಮ ಮೀರಿ ಬೇರೊಬ್ಬನನ್ನು ತೆಗೆದರೆ ಮಾಲೀಕನು ಕಾರಣವನ್ನು ಬರೆದಿಡಬೇಕು. ತೆಗೆದ ಒಂದು ವರ್ಷದೊಳಗೆ ಮತ್ತೆ ಭರ್ತಿ ಮಾಡಿಕೊಳ್ಳುವುದಾದರೆ ಹಳಬನಿಗೆ ಅವಕಾಶ ಕೊಡಬೇಕೆಂದೂ ಸಂಹಿತೆ ಹೇಳುತ್ತದೆ. ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಾದವರಿಗೆ ಮಾತ್ರ ಇದು ಅನ್ವಯ; ಮೇಲಧಿಕಾರಿಗಳಿಗೆ ಇಲ್ಲ. ನೇಮಕಪತ್ರ, ಪಗಾರದ ಚೀಟಿ, ಕೆಲಸದಿಂದ ಬಿಡಿಸಿದ ಪತ್ರ, ಈ ಮೂರನ್ನೂ ಮನೆಯ ಟ್ರಂಕಿನಲ್ಲಿ ಭದ್ರವಾಗಿಡಿ. ಇ-ಮೇಲ್‌ನಲ್ಲಿ ಬಂದುದಾದರೆ ಕಂಪನಿಯ ಖಾತೆ ಮುಚ್ಚುವ ಮುನ್ನವೇ ಕಾಗದದ ಮೇಲೆ ಇಳಿಸಿಕೊಳ್ಳಿ.